ಸಮಾಧಿಗೆ ಗ್ರಾನೈಟ್ ಕಲ್ಲು ಹಾಕಿಸುವುದು ಅಂದರೆ ಏನೇನು ಕೆಲಸ?

ಹಾಸನದ ಯಾವುದಾದರೂ ಗ್ರಾನೈಟ್ ಅಂಗಡಿಗೆ ಹೋಗಿ "ಅಪ್ಪನ ಸಮಾಧಿಗೆ ಒಂದು ಕಲ್ಲು ಮಾಡಿಸಬೇಕಿತ್ತು" ಅಂದರೆ ಸಾಮಾನ್ಯವಾಗಿ ಮೊದಲು ಅಳತೆ ಕೇಳುತ್ತಾರೆ. ಆಮೇಲೆ ಬಣ್ಣ. ಆಮೇಲೆ ಹೆಸರು, ತಾರೀಖು. ಅನುಭವ ಇರುವ ಕೆಲಸಗಾರನಾದರೆ ಇದಕ್ಕೆಲ್ಲ ಮುಂಚೆ ಬೇರೆಯೇ ಒಂದು ಪ್ರಶ್ನೆ ಕೇಳುತ್ತಾನೆ: "ಮಣ್ಣು ಮಾಡಿ ಎಷ್ಟು ದಿನ ಆಯ್ತು ಸಾರ್? ಒಂದು ಮಳೆಗಾಲ ಕಳೀತಾ?"

ಗ್ರಾನೈಟ್ ಅಷ್ಟು ಸುಲಭವಾಗಿ ಕೆಡುವ ಕಲ್ಲಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆದಿರುವುದು ಗ್ರಾನೈಟ್ ಬಂಡೆಯಲ್ಲೇ. 10ನೇ ಶತಮಾನದ ಕೊನೆಯಿಂದ ಇವತ್ತಿನವರೆಗೆ, ಸುಮಾರು 57 ಅಡಿ ಎತ್ತರದ ಆ ಮೂರ್ತಿ ನೆತ್ತಿಯ ಮೇಲೆ ಸೂರಿಲ್ಲದೆ ನಿಂತಿದೆ. ಹಾಗಿದ್ದೂ ನಮ್ಮೂರಿನ ಸ್ಮಶಾನಗಳಲ್ಲಿ ಹತ್ತು ವರ್ಷ ಕೂಡ ಆಗಿರದ ಸಮಾಧಿಗಳು ಒಂದು ಕಡೆಗೆ ವಾಲಿರುತ್ತವೆ, ಪಕ್ಕದ ಕಲ್ಲು ಕಳಚಿ ಬಿದ್ದಿರುತ್ತದೆ, ಹೆಸರು ಓದಲಿಕ್ಕೆ ಆಗುವುದಿಲ್ಲ. ಅಲ್ಲಿ ಕೆಟ್ಟಿರುವುದು ಕಲ್ಲಲ್ಲ. ಕಲ್ಲಿನ ಕೆಳಗಿನ ಮಣ್ಣು, ಎರಡು ಕಲ್ಲು ಸೇರುವ ಸಂದು, ಮೇಲೆ ಕೊರೆದ ಅಕ್ಷರ. ಆದರೆ ದುಡ್ಡು ಹೆಚ್ಚಾಗಿ ಹೋಗುವುದು ಕಲ್ಲಿನ ದಪ್ಪಕ್ಕೆ ಮತ್ತು ಹೊಳಪಿಗೆ. ನನ್ನ ಪ್ರಕಾರ ಲೆಕ್ಕ ತಿರುಗಬೇಕು.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಸತ್ತವರ ಹೆಸರಲ್ಲಿ ಕಲ್ಲು ನಿಲ್ಲಿಸುವುದು ಇವತ್ತು ನಿನ್ನೆಯ ರೂಢಿ ಅಲ್ಲ. ಹೊಲದ ಬದುವಿನಲ್ಲಿ, ಊರಬಾಗಿಲಲ್ಲಿ ವೀರಗಲ್ಲು, ಮಾಸ್ತಿಕಲ್ಲು ಸಿಗುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ಹಿಡಿದು ದೇಹ ಬಿಟ್ಟವರ ಹೆಸರು ಕೊರೆದಿದೆ. ಕಾಫಿ ಸೀಮೆಯಲ್ಲಿ ಬ್ರಿಟಿಷ್ ಪ್ಲಾಂಟರ್‌ಗಳ ಗೋರಿಗಳಿವೆ. ಈಗ ಕಲ್ಲು ಮಾಡಿಸುವವರಲ್ಲಿ ಕ್ರೈಸ್ತರು, ಮಣ್ಣು ಮಾಡುವ ಪದ್ಧತಿಯ ಲಿಂಗಾಯತರು, ತೋಟದ ಮೂಲೆಯಲ್ಲೇ ಹಿರಿಯರನ್ನು ಹೂಳುವ ಒಕ್ಕಲು ಮನೆತನದವರು ಎಲ್ಲರೂ ಇದ್ದಾರೆ. ಖಬರಸ್ತಾನಗಳಲ್ಲಿ ಸಾಮಾನ್ಯವಾಗಿ ಗೋರಿ ಸರಳ, ಹಾಕಿಸಿದರೆ ತಲೆಯ ಕಡೆ ಒಂದು ಸಣ್ಣ ಫಲಕ. ಆಕಾರ ಬೇರೆ ಬೇರೆ. ಕೆಲಸದ ದಾರಿ ಹೆಚ್ಚು ಕಮ್ಮಿ ಒಂದೇ.

ಯಾವ ಕಲ್ಲು?

ಅಂಗಡಿಯವರು ಗ್ರಾನೈಟ್ ಅಂತ ತೋರಿಸುವುದೆಲ್ಲ ಭೂವಿಜ್ಞಾನಿಗಳ ಲೆಕ್ಕದಲ್ಲಿ ಗ್ರಾನೈಟ್ ಅಲ್ಲ. ನಿಜವಾದ ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಸೇರಿರುತ್ತವೆ. ಬೂದು, ಗುಲಾಬಿ, ಕೆಂಪು ಬಣ್ಣಗಳು ಬರುವುದು ಇವುಗಳಿಂದ. ನಾವು ಕರಿ ಗ್ರಾನೈಟ್ ಅನ್ನುವುದು ಬಹುಮಟ್ಟಿಗೆ ಡಾಲರೈಟ್ ಎಂಬ ಬೇರೆ ಶಿಲೆ. ಭೂಮಿಯೊಳಗಿನ ಬಿರುಕಿಗೆ ಕರಗಿದ ಶಿಲೆ ನುಗ್ಗಿ, ಅಲ್ಲೇ ಆರಿ ಗಟ್ಟಿಯಾಗಿದ್ದು. ಇದರ ಕಾಳು ಸಣ್ಣ, ತೂಕ ಜಾಸ್ತಿ. ಚಾಮರಾಜನಗರ, ಕನಕಪುರ ಕಡೆಯ ಕರಿಕಲ್ಲು ಇದೇ. ಸಮಾಧಿ ಕಲ್ಲಿಗೆ ಅಂತಲೇ ಅದು ಜಪಾನ್, ಜರ್ಮನಿಯವರೆಗೂ ಹೋಗುತ್ತದೆ. ಕೆಂಪು ಬೇಕೆಂದರೆ ಇಳಕಲ್ಲಿನದು. ನಮ್ಮ ಜಿಲ್ಲೆಯ ಹೆಸರಲ್ಲೇ ಮಾರುವ 'ಹಾಸನ್ ಗ್ರೀನ್' ಎಂಬ ಹಸಿರು ಕಲ್ಲೂ ಇದೆ.

ಸಮಾಧಿಗೆ ಎಲ್ಲರೂ ಕರಿಕಲ್ಲನ್ನೇ ಯಾಕೆ ಹುಡುಕುತ್ತಾರೆ? ಅಕ್ಷರ ಕಾಣಲಿ ಅಂತ. ಗಾಜಿನ ಲೋಟ ಒಡೆದು ಪುಡಿಯಾದರೆ ಆ ಪುಡಿ ಬೆಳ್ಳಗೆ ಕಾಣುತ್ತದೆ ಅಲ್ವಾ? ಅದೇ ಸಂಗತಿ ಇಲ್ಲೂ. ಪಾಲಿಶ್ ಮಾಡಿದ ಮೈ ನುಣುಪಾಗಿರುವುದರಿಂದ ಬೆಳಕು ಅಡ್ಡಾದಿಡ್ಡಿ ಚೆದುರುವುದಿಲ್ಲ. ಹಾಗಾಗಿ ಕಲ್ಲಿನ ಸ್ವಂತ ಬಣ್ಣ, ಅಂದರೆ ಕಪ್ಪು, ಆಳವಾಗಿ ಕಾಣುತ್ತದೆ. ಉಳಿ ತಾಗಿದ ಕಡೆ ಮೈ ಒರಟಾಗಿ, ಬೆಳಕು ಎಲ್ಲ ದಿಕ್ಕಿಗೂ ಚೆದುರಿ, ಅಕ್ಷರ ಬೂದು ಬಿಳುಪಿಗೆ ತಿರುಗುತ್ತದೆ. ಬಣ್ಣ ಹಚ್ಚದೆಯೇ ಓದಬಹುದು. ಬೂದು ಕಲ್ಲಿನಲ್ಲಿ ಕೊರೆದ ಜಾಗಕ್ಕೂ ಉಳಿದ ಜಾಗಕ್ಕೂ ಅಷ್ಟು ವ್ಯತ್ಯಾಸ ಇರುವುದಿಲ್ಲ. ಅಲ್ಲಿ ಬಣ್ಣ ತುಂಬಲೇಬೇಕು. ಬಣ್ಣ ಅಂದರೆ ಕೆಲವು ಮಳೆಗಾಲದ ಮಾತು. ಆಮೇಲೆ ಮತ್ತೆ ತುಂಬಿಸಬೇಕು.

ಮಿನುಗು ಚುಕ್ಕೆಯ 'ಬ್ಲ್ಯಾಕ್ ಗ್ಯಾಲಕ್ಸಿ' ಬೇಕು ಅನ್ನುವವರೂ ಇದ್ದಾರೆ. ಅದು ಆಂಧ್ರದ ಚೀಮಕುರ್ತಿಯ ಕಲ್ಲು. ಅಡುಗೆಮನೆ ಕಟ್ಟೆಗೆ ಚೆಂದ. ಹೆಸರು ಬರೆಯುವ ಕಲ್ಲಿಗೆ ನನಗೆ ಅಷ್ಟು ಹಿಡಿಸುವುದಿಲ್ಲ. ಚುಕ್ಕೆಗಳು ಅಕ್ಷರದ ಜೊತೆ ಜಗಳಕ್ಕೆ ನಿಲ್ಲುತ್ತವೆ.

ಇನ್ನು ಕೆಲವರು "ಬೇಲೂರು, ಹಳೇಬೀಡಿನ ಥರ ಸುತ್ತ ಬಳ್ಳಿ ಬಿಡಿಸಿಕೊಡಿ" ಅನ್ನುತ್ತಾರೆ. ನಮ್ಮ ಕಡೆಯವರಿಗೆ ಆ ಆಸೆ ಸಹಜ. ಆದರೆ ಹೊಯ್ಸಳರ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಎಷ್ಟು ಮೆತ್ತಗೆ ಅಂದರೆ ಮದನಿಕೆಯ ಕೈಬಳೆಯನ್ನೂ ಬಿಡಿಸಿ ತೋರಿಸಬಹುದು. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಬಳಪ 1ರಲ್ಲಿದೆ, ಬೆಣಚು 7ರಲ್ಲಿದೆ. ಗ್ರಾನೈಟಿನಲ್ಲಿ ಕಾಳು ಕಾಳಾಗಿ ಸಿಡಿಯುತ್ತದೆ, ಕೂದಲೆಳೆಯ ಕುಸುರಿ ನಿಲ್ಲುವುದಿಲ್ಲ. ಗ್ರಾನೈಟಿಗೆ ಒಪ್ಪುವುದು ಅಗಲವಾದ ಗೆರೆ, ಸರಳ ಹೂವು, ದೀಪ, ಶಿಲುಬೆ, ಲಿಂಗ. ಹಠ ಹಿಡಿದು ಬಳ್ಳಿ ಹಾಕಿಸಿದರೆ ಮೊದಲ ಧೂಳು, ಪಾಚಿಗೆ ಬಳ್ಳಿಯ ಸಂದಿಯೇ ಮನೆಯಾಗುತ್ತದೆ.

ಕಲ್ಲು ಕೊಳ್ಳುವಾಗ ಮೂರು ಸಣ್ಣ ಪರೀಕ್ಷೆ ಸಾಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ. ದಬ್ ಅಂತ ಮಂಕಾದರೆ ಒಳಗೆಲ್ಲೋ ಸೀಳಿದೆ. ಮೇಲೆ ಸ್ವಲ್ಪ ನೀರು ಚೆಲ್ಲಿ ಒರೆಸಿ. ಸೀಳಿದ್ದ ಕಡೆ ನೀರು ಇಳಿದು ಸಣ್ಣ ಗೆರೆ ತಡವಾಗಿ ಒಣಗುತ್ತದೆ. ಮೂರನೆಯದು ಕರಿಕಲ್ಲಿಗೆ ಮಾತ್ರ: ಬಿಳಿ ಬಟ್ಟೆಗೆ ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬೂದು ಕಲ್ಲಿಗೆ ಬಣ್ಣ ಕುಡಿಸಿ ಕರಿಕಲ್ಲು ಅಂತ ಮಾರುತ್ತಿರುವುದು. ಬಿಸಿಲಿಗೆ ಅದು ಮಾಸುತ್ತದೆ.

ಅಳತೆ ಮತ್ತು ತೂಕ

ನಮ್ಮಲ್ಲಿ ಮೂರು ಬಗೆಯ ಕೆಲಸ ನಡೆಯುತ್ತದೆ. ಕಟ್ಟೆಯ ಮೇಲೆ ಕೂರಿಸುವ ಬರೀ ಫಲಕ. ತಲೆಯ ಕಡೆ ನಿಲ್ಲಿಸುವ ಕಲ್ಲು. ಇಡೀ ಸಮಾಧಿಗೆ ಇಟ್ಟಿಗೆ ಅಥವಾ ಸೈಜ್ ಕಲ್ಲಿನ ಕಟ್ಟೆ ಕಟ್ಟಿ, ಸುತ್ತಲೂ ಗ್ರಾನೈಟ್ ಅಂಟಿಸಿ, ಮೇಲೊಂದು ಚಪ್ಪಡಿ ಮುಚ್ಚುವುದು. ಮೂರನೆಯದು ಈಗ ಹೆಚ್ಚು. ಕೆಡುವುದೂ ಅದೇ ಹೆಚ್ಚು.

ತೂಕದ ಅಂದಾಜು ಇಟ್ಟುಕೊಂಡರೆ ಎಷ್ಟೋ ತೊಂದರೆ ತಪ್ಪುತ್ತದೆ. ಬೂದು ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆ.ಜಿ., ಕರಿಕಲ್ಲು ಸುಮಾರು 85 ಕೆ.ಜಿ. ಮೂರು ಅಡಿ ಎತ್ತರ, ಎರಡು ಅಡಿ ಅಗಲ, ಮೂರು ಇಂಚು ದಪ್ಪದ ಕರಿಕಲ್ಲು ಅಂದರೆ 125 ಕೆ.ಜಿ. ದಾಟುತ್ತದೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ 20 ಮಿ.ಮೀ. ಚಪ್ಪಡಿ 80 ಕೆ.ಜಿ. ಆಸುಪಾಸು. ರಸ್ತೆ ಪಕ್ಕದ ಸ್ಮಶಾನವಾದರೆ ನಾಲ್ಕು ಜನ ಸಾಕು. ಮೂಡಿಗೆರೆಯ ಯಾವುದೋ ತೋಟದಲ್ಲಿ, ಜೀಪು ನಿಲ್ಲುವ ಜಾಗದಿಂದ ಇಳಿಜಾರಿನಲ್ಲಿ ಒಂದು ಫರ್ಲಾಂಗ್ ಕೆಳಗೆ ಸಮಾಧಿ ಇದ್ದರೆ? ಆಗ ದಪ್ಪ ಕಲ್ಲಿನ ಆಸೆ ಬಿಟ್ಟು, ಎರಡು ತುಂಡಲ್ಲಿ ಮಾಡಿಸಿ ಅಲ್ಲೇ ಸೇರಿಸುವುದು ಜಾಣತನ.

ಅಕ್ಷರ ಕಲ್ಲಿಗೆ ಇಳಿಯುವ ಮುಂಚೆ

ಈ ಇಡೀ ಕೆಲಸದಲ್ಲಿ ನನಗೆ ಅತಿ ಕುತೂಹಲದ ಭಾಗ ಇದು. ಜನ ಅತಿ ಕಡಿಮೆ ಹೊತ್ತು ಕೊಡುವುದೂ ಇದಕ್ಕೇ.

ಮನೆಯವರು ಹೆಸರು, ತಾರೀಖನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಅದು ಯೂನಿಕೋಡ್ ಕನ್ನಡ, ಅಂದರೆ ಈಗಿನ ಮೊಬೈಲ್‌ಗಳು ಬಳಸುವ ಅಕ್ಷರ ಪದ್ಧತಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರ್ ಇರುತ್ತದೆ, ಜೊತೆಗೆ ಹಳೆಯ ನುಡಿ ಅಥವಾ ಬರಹ ಫಾಂಟ್. ಈ ಹಳೆ ಫಾಂಟ್‌ಗಳಿಗೆ ಯೂನಿಕೋಡ್ ಅರ್ಥವಾಗುವುದಿಲ್ಲ. ಹಾಗಾಗಿ ಒಂದೋ ಕನ್ವರ್ಟರ್‌ನಲ್ಲಿ ಹಾಕಿ ಬದಲಾಯಿಸುತ್ತಾರೆ, ಇಲ್ಲ ಮತ್ತೆ ಟೈಪ್ ಮಾಡುತ್ತಾರೆ. ತಪ್ಪು ನುಸುಳುವುದು ಇಲ್ಲೇ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ. ಟೈಪ್ ಮಾಡುವ ಹುಡುಗ ನಿಮ್ಮ ಮನೆಯವರನ್ನು ಕಂಡವನಲ್ಲ. ಅವನಿಗೆ ಸರೋಜಮ್ಮನೂ ಒಂದೇ, ಸರೋಜಾಮ್ಮನೂ ಒಂದೇ.

ಕನ್ನಡ ಲಿಪಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ನಮ್ಮದು ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ ಅಂತ ಎಲ್ಲ ಕಡೆ ಹರಡುತ್ತದೆ. 'ಕೃಷ್ಣೇಗೌಡ' ಅಂತ ಬರೆದು ನೋಡಿ. 'ಕೃ' ಬಾಲ ಕೆಳಗಿಳಿಯಿತು, 'ಷ್ಣೇ' ಅಡಿಯಲ್ಲಿ ಣ ಒತ್ತು ನೇತಾಡಿತು. ಅಕ್ಷರ ಒಂದು ಇಂಚು ಎತ್ತರ ಇಟ್ಟರೆ, ಒತ್ತಿಗೆ ಕೆಳಗೆ ಇನ್ನೂ ಅರ್ಧ ಇಂಚು ಬಿಡಬೇಕು. ಇಲ್ಲದಿದ್ದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ಅದು ತಾಗುತ್ತದೆ. ಇಂಗ್ಲಿಷ್ ಕಲ್ಲಿನ ಮಾದರಿ ಇಟ್ಟುಕೊಂಡು ಅಷ್ಟೇ ಜಾಗದಲ್ಲಿ ಅಷ್ಟೇ ಸಾಲು ಕೂರಿಸಲು ಹೋದರೆ ಕಿಕ್ಕಿರಿದು ಕಾಣುವುದು ಇದಕ್ಕೇ.

ಅಕ್ಷರ ಸಣ್ಣದಾದಷ್ಟೂ ಅಪಾಯ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಥ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ. ಅರ್ಧ ಇಂಚಿನ ಅಕ್ಷರದಲ್ಲಿ ಆ ಸೀಳು, ಆ ಚುಕ್ಕೆ ಎಷ್ಟಿರುತ್ತದೆ? ಒಂದೆರಡು ಮಿ.ಮೀ. ಕೊರೆಯುವಾಗ ಅಷ್ಟು ಸಣ್ಣ ಜಾಗ ಕಿತ್ತುಹೋದರೆ ಧರ್ಮೇಗೌಡರು ದರ್ಮೇಗೌಡರಾಗುತ್ತಾರೆ. ಹಾಗಾಗಿ ಹೆಸರು ದೊಡ್ಡದಾಗಿ, ದಪ್ಪ ಫಾಂಟ್‌ನಲ್ಲಿ ಇರಲಿ. ಬೇರೆ ಸಾಲು ಕಮ್ಮಿ ಮಾಡಿ. ಎಷ್ಟೋ ಅಂಗಡಿಗಳಲ್ಲಿ ಅಕ್ಷರಕ್ಕೆ ಇಷ್ಟು ಅಂತ ದರ ಇರುತ್ತದೆ, ಹಾಗಾಗಿ ಕಮ್ಮಿ ಬರೆಸಿದರೆ ಜೇಬಿಗೂ ಒಳ್ಳೆಯದು.

ತಾರೀಖಿನ ಜೊತೆ ಸಂವತ್ಸರ, ಮಾಸ, ತಿಥಿ ಹಾಕಿಸುವವರು ಒಂದು ವಿಷಯ ಗಮನಿಸಬೇಕು. ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿ 1ಕ್ಕಲ್ಲ. 2024ರ ಫೆಬ್ರವರಿಯಲ್ಲಿ ತೀರಿಕೊಂಡವರಿಗೆ ಶೋಭಕೃತ್ ಸಂವತ್ಸರ. ಕ್ರೋಧಿ ಶುರುವಾದದ್ದು ಆ ವರ್ಷದ ಏಪ್ರಿಲ್ 9ರಂದು. 2024 ಅಂದರೆ ಕ್ರೋಧಿ ಅಂತ ಬರೆಸಿಬಿಟ್ಟರೆ ವರ್ಷಾಬ್ದಿಕಕ್ಕೆ ಬಂದ ಪುರೋಹಿತರು ಕಲ್ಲಿನ ಮುಂದೆ ನಿಂತೇ ತಪ್ಪು ಹೇಳುತ್ತಾರೆ. ಆ ಹೊತ್ತಲ್ಲಿ ಯಾರಿಗೆ ಬೇಕು ಅದು?

ಮಾದರಿಯನ್ನು ಮೊಬೈಲ್ ಪರದೆಯಲ್ಲಿ ನೋಡಿ "ಓಕೆ" ಅಂತ ಕಳಿಸಬೇಡಿ. ಕಲ್ಲಿನಷ್ಟೇ ದೊಡ್ಡ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಆರು ಅಡಿ ದೂರ ನಿಂತು ಓದಿ. ಮನೆಯ ಹಿರಿಯರೊಬ್ಬರಿಗೆ ಓದಿಸಿ. ಆಮೇಲೆ ಮನೆಯವರಲ್ಲದ ಒಬ್ಬರಿಗೆ ಅಕ್ಷರ ಅಕ್ಷರ ಬಿಡಿಸಿ ಓದಿಸಿ. ಮನೆಯವರ ಕಣ್ಣು ಗೊತ್ತಿರುವ ಹೆಸರನ್ನು ತಾನೇ ಸರಿಮಾಡಿಕೊಂಡು ಓದಿಬಿಡುತ್ತದೆ. ಅದೇ ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ ಮುಂದೆ ಯಾರ ತಪ್ಪು ಅನ್ನುವ ವಾದ ಇರುವುದಿಲ್ಲ. ಕಲ್ಲಿನ ಮೇಲೆ ತಪ್ಪಾದರೆ ಇಡೀ ಮೈಯನ್ನು ಅಕ್ಷರದ ಆಳದಷ್ಟು ತೇದು ಮತ್ತೆ ಪಾಲಿಶ್ ಮಾಡಬೇಕು. ತೆಳು ಕಲ್ಲಾದರೆ ಅದಕ್ಕೂ ಜಾಗ ಇರುವುದಿಲ್ಲ, ಹೊಸದೇ ಗತಿ.

ಕೊಯ್ಯುವುದು, ತೇಯುವುದು, ಕೊರೆಯುವುದು

ಗಣಿಯಲ್ಲಿ ಈಗ ಬಂಡೆಯನ್ನು ಬಿಡಿಸುವುದು ಹೆಚ್ಚಾಗಿ ಡೈಮಂಡ್ ವೈರ್‌ನಿಂದ. ವಜ್ರದ ಪುಡಿ ಕೂರಿಸಿದ ಮಣಿಗಳನ್ನು ಪೋಣಿಸಿದ ಉಕ್ಕಿನ ಹಗ್ಗ, ನೀರು ಬಿಡುತ್ತಾ ಓಡಿಸುತ್ತಾರೆ. ಬ್ಲಾಕು ಕಾರ್ಖಾನೆಗೆ ಹೋಗಿ ಸ್ಲ್ಯಾಬ್ ಆಗುತ್ತದೆ. ನಮ್ಮ ಅಂಗಡಿಗಳಿಗೆ ಬರುವುದು ಆ ಸ್ಲ್ಯಾಬ್. ಇಲ್ಲಿ ಅಳತೆಗೆ ಕೊಯ್ದು, ಅಂಚು ತೇದು, ಆಕಾರ ಕೊಡುತ್ತಾರೆ.

ಹೊಳಪು ಅನ್ನುವುದು ಮೇಲೆ ಬಳಿದದ್ದಲ್ಲ. ಒರಟು ಪ್ಯಾಡ್‌ನಿಂದ ಶುರುಮಾಡಿ, ಹಂತ ಹಂತವಾಗಿ ನುಣುಪು ಪ್ಯಾಡ್‌ಗಳಲ್ಲಿ ನೀರು ಹಾಕಿ ತೇಯುತ್ತಾರೆ. ಒಂದೊಂದು ಪ್ಯಾಡೂ ಹಿಂದಿನ ಪ್ಯಾಡ್ ಬಿಟ್ಟ ಗೀರನ್ನು ಅಳಿಸಿ, ಅದಕ್ಕಿಂತ ಸಣ್ಣ ಗೀರು ಬಿಡುತ್ತದೆ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಹೊಳಪು ಬರುತ್ತದೆ. ನಡುವೆ ಒಂದು ಹಂತ ಹಾರಿಸಿದರೆ ದೂರದಿಂದ ಗೊತ್ತಾಗುವುದಿಲ್ಲ, ಬೆಳಕಿಗೆ ಓರೆ ಹಿಡಿದರೆ ಸುರುಳಿ ಸುರುಳಿ ಗೀರು ಕಾಣುತ್ತದೆ. ಕಲ್ಲನ್ನು ಒಪ್ಪಿಕೊಳ್ಳುವಾಗ ಹಾಗೆ ಓರೆಯಾಗಿಯೇ ನೋಡಿ.

ಶಿಲುಬೆ ಆಕಾರ ಕೊಯ್ಯುವಾಗ ಒಂದು ಸೂಕ್ಷ್ಮ ಇದೆ. ಕಂಬವೂ ತೋಳೂ ಸೇರುವ ಒಳಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ, ಒತ್ತಡವೆಲ್ಲ ಆ ಮೊನೆಗೇ ಬಂದು ಸೇರುತ್ತದೆ. ಒಳ್ಳೆ ಕೆಲಸಗಾರ ಮೂಲೆಯಲ್ಲಿ ಸಣ್ಣ ದುಂಡು ಬಿಡುತ್ತಾನೆ.

ಅಕ್ಷರ ಕೊರೆಯಲು ಈಗ ಮುಖ್ಯವಾಗಿ ಮೂರು ದಾರಿ. ಕೈಯಿಂದ ಉಳಿ, ಸುತ್ತಿಗೆ ಹಿಡಿದು ಕೊರೆಯುವವರು ಇನ್ನೂ ಇದ್ದಾರೆ. ಅವರ ಅಕ್ಷರ ಆಳ, ಅಂಚು ಇಳಿಜಾರು, ಬೆಳಗಿನ ಓರೆ ಬಿಸಿಲಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ಎರಡನೆಯದು ಸ್ಯಾಂಡ್‌ಬ್ಲಾಸ್ಟಿಂಗ್. ಕಲ್ಲಿನ ಮೇಲೆ ರಬ್ಬರ್ ಹಾಳೆ ಅಂಟಿಸಿ, ಅಕ್ಷರದ ಜಾಗ ಮಾತ್ರ ಕತ್ತರಿಸಿ ತೆಗೆದು, ಗಟ್ಟಿ ಪುಡಿಯನ್ನು ಕಂಪ್ರೆಸರ್ ಗಾಳಿಯಲ್ಲಿ ರಭಸವಾಗಿ ಹೊಡೆಯುತ್ತಾರೆ. ರಬ್ಬರ್ ಇರುವಲ್ಲಿ ಪುಡಿ ಪುಟಿದು ಹಿಂದೆ ಬರುತ್ತದೆ, ಇಲ್ಲದಲ್ಲಿ ಕಲ್ಲನ್ನು ತಿನ್ನುತ್ತದೆ. ಎರಡು ಮೂರು ಮಿ.ಮೀ. ಆಳ ಸಿಕ್ಕರೆ ಒಳ್ಳೆಯದು. ಮೂರನೆಯದು ಲೇಸರ್. ಅದು ಮೈಯ ಮೇಲ್ಪದರವನ್ನು ಮಾತ್ರ ಸಣ್ಣಗೆ ಸಿಡಿಸುತ್ತದೆ. ಫೋಟೋಗೆ ಚೆಂದ. ಹೆಸರಿಗೆ ಅದನ್ನೇ ನೆಚ್ಚಿಕೊಂಡರೆ, ಬೆರಳಾಡಿಸಿದರೂ ಸಿಗದಷ್ಟು ಮೇಲು ಮೇಲಿನ ಅಕ್ಷರವಾಗುತ್ತದೆ. ನನ್ನ ಸಲಹೆ: ಮುಖಕ್ಕೆ ಲೇಸರ್, ಹೆಸರಿಗೆ ಬ್ಲಾಸ್ಟಿಂಗ್ ಅಥವಾ ಉಳಿ.

ಫೋಟೋ ವಿಷಯದಲ್ಲಿ ಒಂದು ಮಾತು. ಕರಿಕಲ್ಲಿನ ಮೇಲೆ ಲೇಸರ್ ತಾಗಿದಲ್ಲಿ ಬಿಳುಪು, ತಾಗದಲ್ಲಿ ಕಪ್ಪು. ಅಂದರೆ ಮುಖದ ಬೆಳಕಿನ ಭಾಗವನ್ನು ಕೊರೆಯಬೇಕು, ಕೂದಲನ್ನು ಹಾಗೇ ಬಿಡಬೇಕು. ಕಾಗದದ ಮೇಲೆ ಬರೆಯುವುದಕ್ಕೆ ಇದು ತಿರುಗುಮುರುಗು. ಹಳೆ ಗ್ರೂಪ್ ಫೋಟೋದಿಂದ ಹಿಗ್ಗಿಸಿದ ಮಸುಕು ಮುಖ ಕೊಟ್ಟರೆ ಕಲ್ಲಿನ ಮೇಲೆ ಅದು ಯಾರೂ ಅಲ್ಲದ ಮುಖವಾಗುತ್ತದೆ. ಬಣ್ಣದ ಫೋಟೋನೇ ಬೇಕೆಂದರೆ ಸೆರಾಮಿಕ್ ಬಿಲ್ಲೆ ಮಾಡಿಸಬಹುದು. ಕುಲುಮೆಯಲ್ಲಿ ಸುಟ್ಟ ಬಣ್ಣ ಅದು, ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ. ಬರೀ ಸ್ಟಿಕ್ಕರ್ ಅಂಟಿಸಿ ಮೇಲೆ ವಾರ್ನಿಷ್ ಬಳಿದು ಕೊಡುವವರೂ ಇದ್ದಾರೆ, ಹುಷಾರು.

ಈ ಕೆಲಸದಲ್ಲಿ ಏಳುವ ಧೂಳು ಸಾಮಾನ್ಯದ್ದಲ್ಲ. ಬೆಣಚಿನ ಸಣ್ಣ ಪುಡಿ ವರ್ಷಗಟ್ಟಲೆ ಉಸಿರಿನ ಜೊತೆ ಒಳಹೋದರೆ ಸಿಲಿಕೋಸಿಸ್ ಬರುತ್ತದೆ. ಶ್ವಾಸಕೋಶ ಗಟ್ಟಿಯಾಗುವ ಈ ಕಾಯಿಲೆಗೆ ವಾಸಿ ಮಾಡುವ ಮದ್ದಿಲ್ಲ. ನೀರು ಬಿಟ್ಟು ಕೊಯ್ಯುವುದು, ಸರಿಯಾದ ಮಾಸ್ಕ್ ಹಾಕುವುದೇ ಮುಖ್ಯ ರಕ್ಷಣೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ಒಣ ಕಲ್ಲು ಕೊಯ್ಯುವ ಅಂಗಡಿ, ನೀರು ಬಿಟ್ಟು ಕೊಯ್ಯುವ ಅಂಗಡಿ ಎರಡೂ ಇದ್ದರೆ ನಾನು ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದರೂ ಹೋಗುತ್ತೇನೆ.

ಮಣ್ಣು ಕೂರುವವರೆಗೆ ಕಾಯುವುದು

ಗುಂಡಿ ತೋಡಿ ಮತ್ತೆ ಮುಚ್ಚಿದ ಮಣ್ಣು ಮೊದಲಿನ ಮಣ್ಣಲ್ಲ. ಅದರೊಳಗೆ ಗಾಳಿ ತುಂಬಿರುತ್ತದೆ. ಮಳೆ ನೀರು ಇಳಿದಂತೆಲ್ಲ ಮಣ್ಣು ಕುಸಿದು ಕೂರುತ್ತದೆ. ಮರದ ಪೆಟ್ಟಿಗೆ ಇಟ್ಟಿದ್ದರೆ ಅದು ಲಡ್ಡಾಗಿ ಮುರಿದಾಗ ಇನ್ನೊಮ್ಮೆ ಕುಸಿಯುತ್ತದೆ. ಕೂರಿಸಿ ಮಣ್ಣು ಮಾಡುವಲ್ಲಿ ಒಳಗೆ ಗೂಡು ತೆಗೆದಿದ್ದರೆ ಅಲ್ಲೂ ಹೀಗೇ. ಹಾಗಾಗಿ ಕಡೇ ಪಕ್ಷ ಒಂದು ಪೂರ್ತಿ ಮಳೆಗಾಲ ಕಾಯಬೇಕು. ಕ್ರೈಸ್ತ ಕುಟುಂಬಗಳಿಗೆ ನವೆಂಬರ್ 2ರ ಮೃತರ ದಿನದೊಳಗೆ ಕಲ್ಲು ಆಗಿಬಿಡಲಿ ಅನ್ನುವ ಅವಸರ ಇರುತ್ತದೆ. ಮಲೆನಾಡಿನಲ್ಲಿ ಆ ಹೊತ್ತಿಗೆ ಮಣ್ಣು ಇನ್ನೂ ನೀರು ಕುಡಿದಿರುತ್ತದೆ. ಆ ವರ್ಷಕ್ಕೆ ಮರದ ಶಿಲುಬೆ ಇರಲಿ, ಕಲ್ಲನ್ನು ಜನವರಿಯಿಂದ ಮಾರ್ಚ್ ನಡುವೆ ಕೂರಿಸಿ. ಮಣ್ಣು ಒಣಗಿರುತ್ತದೆ, ದಾರಿ ಸರಿಯಿರುತ್ತದೆ, ಕಾಂಕ್ರೀಟ್ ಮೇಲೆ ಮಳೆ ಬೀಳುವ ಭಯ ಇರುವುದಿಲ್ಲ. ಚರ್ಚ್ ಅಥವಾ ಸ್ಮಶಾನದ ಸಮಿತಿಯ ಒಪ್ಪಿಗೆಯನ್ನು ಕಲ್ಲು ಕೊಯ್ಸುವ ಮುಂಚೆಯೇ ಪಡೆಯಿರಿ. ಎಷ್ಟು ಎತ್ತರ, ಎಷ್ಟು ಅಗಲ ಅಂತ ಒಂದೊಂದು ಕಡೆ ಒಂದೊಂದು ನಿಯಮ.

ನಿಲ್ಲಿಸುವ ಕಲ್ಲಿನ ಬುನಾದಿ ಗುಂಡಿಯ ಮೇಲೆ ಬರಬಾರದು. ತಲೆಯ ಕಡೆ, ಗುಂಡಿಯಿಂದ ಆಚೆ, ಅಗೆಯದ ಗಟ್ಟಿ ಮಣ್ಣಿನಲ್ಲಿ ಬರಬೇಕು. ಅಲ್ಲಿ ಒಂದರಿಂದ ಒಂದೂವರೆ ಅಡಿ ಆಳ ತೋಡಿ, 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಹಾಕಿ, ಗೋಣಿಚೀಲ ಹೊದಿಸಿ ಒಂದು ವಾರವಾದರೂ ನೀರುಣಿಸಬೇಕು. ಇಡೀ ಸಮಾಧಿಗೆ ಕಟ್ಟೆ ಕಟ್ಟುವುದಾದರೆ ಸುತ್ತಲೂ ಕಂಬಿ ಹಾಕಿದ ಬೆಲ್ಟ್ ಕಾಂಕ್ರೀಟ್ ಬೇಕು. ಅದರ ಎರಡೂ ತುದಿ ಗುಂಡಿ ದಾಟಿ ಗಟ್ಟಿ ನೆಲದ ಮೇಲೆ ಕೂರಬೇಕು. ಒಳಗಿನ ಮಣ್ಣು ಕುಸಿದರೂ ಕಟ್ಟೆ ಸೇತುವೆಯಂತೆ ನಿಂತಿರುತ್ತದೆ. ಬೆಲ್ಟ್ ಇಲ್ಲದೆ ಸುಮ್ನೆ ಮಣ್ಣಿನ ಮೇಲೆ ಇಟ್ಟಿಗೆ ಇಟ್ಟು ಗ್ರಾನೈಟ್ ಅಂಟಿಸಿದರೆ ಮೊದಲು ಇಟ್ಟಿಗೆ ಕಟ್ಟೆ ಬಿರಿಯುತ್ತದೆ, ಆಮೇಲೆ ಪಕ್ಕದ ಕಲ್ಲು ಉದುರುತ್ತದೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಇನ್ನೂ ಹುಷಾರಾಗಿರಬೇಕು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಸೀಳುತ್ತದೆ. ಬುನಾದಿ ಆಳ ಹೋಗಬೇಕು.

ಕಲ್ಲು ಸಾಗಿಸುವಾಗ ಚಪ್ಪಡಿಯನ್ನು ಯಾವತ್ತೂ ಮಲಗಿಸಿ ಎತ್ತಬಾರದು, ಅಂಚಿನ ಮೇಲೆ ನಿಲ್ಲಿಸಿಕೊಂಡೇ ಹೊರಬೇಕು. ಗ್ರಾನೈಟಿಗೆ ಮೇಲಿನಿಂದ ಅಮುಕಿದರೆ ತಡೆಯುವ ಶಕ್ತಿ ವಿಪರೀತ, ಬಗ್ಗಿಸಿದರೆ ತಡೆಯುವ ಶಕ್ತಿ ಅದರ ಹತ್ತನೇ ಒಂದು ಪಾಲಿನಷ್ಟೂ ಇರುವುದಿಲ್ಲ. ಮಲಗಿಸಿದ ಚಪ್ಪಡಿ ತನ್ನ ತೂಕಕ್ಕೇ ನಡುವೆ ಬಾಗಿ ಲಟಕ್ ಅನ್ನುತ್ತದೆ.

ನಿಲ್ಲಿಸುವ ಕಲ್ಲನ್ನು ಬರೀ ಸಿಮೆಂಟಿನಲ್ಲಿ ಕೂರಿಸಿದರೆ ಸಾಲದು. ಕಲ್ಲಿನ ಅಡಿಗೂ ಪೀಠಕ್ಕೂ ಎರಡೆರಡು ತೂತು ಕೊರೆದು, 12 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಿ, ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿ ಬಿಗಿಯಬೇಕು. ಮನೆ ಕಟ್ಟಿ ಉಳಿದ ಮಾಮೂಲಿ ಕಂಬಿ ಬೇಡವೇ ಬೇಡ. ಅದು ತುಕ್ಕು ಹಿಡಿದು ಉಬ್ಬುತ್ತದೆ, ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ. ಹೊರಗೆ ಕಂದು ಗೆರೆ ಇಳಿದಾಗಲೇ ನಿಮಗೆ ಗೊತ್ತಾಗುವುದು. ನಿಲ್ಲಿಸುವಾಗ ರಸಮಟ್ಟವನ್ನು ಎರಡೂ ದಿಕ್ಕಿಗೆ ಇಟ್ಟು ನೋಡುತ್ತಾರೆ, ತೂಗುಗುಂಡು ಬಿಟ್ಟು ನೋಡುತ್ತಾರೆ. ಮೇಲಿನ ಚಪ್ಪಡಿ ಮಾತ್ರ ಪೂರ್ತಿ ಮಟ್ಟ ಇರಬಾರದು. ತಲೆಯಿಂದ ಕಾಲಿನ ಕಡೆಗೆ ಅರ್ಧ ಇಂಚಾದರೂ ಇಳಿಜಾರು ಬೇಕು, ನೀರು ನಿಲ್ಲಬಾರದು. ಸಂದಿನಲ್ಲಿ ಮಿಕ್ಕ ಸಿಮೆಂಟನ್ನು ಹಸಿಯಿರುವಾಗಲೇ ಒರೆಸಿ ತೆಗೆಸಿ. ಒಣಗಿದ ಮೇಲೆ ಆಸಿಡ್ ಹಾಕಿ ತಿಕ್ಕುವವರು ಬರುತ್ತಾರೆ, ಅದಕ್ಕೆ ಬಿಡಬೇಡಿ.

ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವ ತೋಟವಾದರೆ ನಿಲ್ಲಿಸುವ ಕಲ್ಲಿನ ಯೋಚನೆಯನ್ನೇ ಬಿಡಿ. ಆನೆ ಮೈ ಉಜ್ಜಿದರೆ ಯಾವ ಸರಳೂ ತಡೆಯುವುದಿಲ್ಲ. ಮಲಗಿಸುವ ಕಲ್ಲೇ ವಾಸಿ.

ಆಮೇಲೆ

ಮಲೆನಾಡಿನ ಮಳೆಗೆ ಪಾಚಿ, ಕಲ್ಲುಹೂವು ಬರುತ್ತವೆ. ನೀರು ಮತ್ತು ತೆಂಗಿನ ನಾರು ಸಾಕು, ತಂತಿ ಬ್ರಷ್ ಬೇಡ. ಬಚ್ಚಲು ತೊಳೆಯುವ ಆಸಿಡ್ ಕಲ್ಲಿನೊಳಗಿನ ಕಬ್ಬಿಣದ ಅಂಶವನ್ನು ಎಬ್ಬಿಸಿ ಕಂದು ಕಲೆ ಮಾಡುತ್ತದೆ. ದೀಪದ ಎಣ್ಣೆ ಬೂದು ಕಲ್ಲಿಗೆ ಇಳಿದರೆ ಅಲ್ಲೊಂದು ಕರಿ ಮಚ್ಚೆ ಕಾಯಂ ಆಗುತ್ತದೆ, ದೀಪ ಇಡಲು ಬೇರೆ ಗೂಡು ಅಥವಾ ಹಣತೆ ಹಲಗೆ ಇರಲಿ. ಕಾಫಿ ಸೀಮೆಯ ಹಳೆ ಬ್ರಿಟಿಷ್ ಗೋರಿಗಳ ಕಡೆ ಹೋದರೆ ಅಕ್ಷರದ ಜಾಗದಲ್ಲಿ ಬರೀ ಸಾಲು ಸಾಲು ಸಣ್ಣ ತೂತುಗಳು ಇವೆಯೇ ಅಂತ ನೋಡಿ. ಇದ್ದರೆ ಅಲ್ಲಿ ಸೀಸದ ಅಕ್ಷರ ಬಡಿದು ಕೂರಿಸಿದ್ದರು ಅಂತ ಅರ್ಥ. ಸೀಸ ಕಳಚಿತು, ತೂತು ಉಳಿಯಿತು. ಈಗ ಹಿತ್ತಾಳೆ ಅಥವಾ ಸ್ಟೀಲ್ ಅಕ್ಷರ ಅಂಟಿಸಿಕೊಡುತ್ತೇವೆ ಅನ್ನುವವರಿಗೆ ಇದನ್ನೇ ತೋರಿಸಬೇಕು.

ಗಂಡ ಹೆಂಡತಿ ಇಬ್ಬರ ಹೆಸರೂ ಒಂದೇ ಕಲ್ಲಿನಲ್ಲಿ ಬರಲಿ ಅನ್ನುವ ಮನೆಗಳಲ್ಲಿ, ಮೊದಲ ಸಲವೇ ಎಡಕ್ಕೆ ಒಂದು ಹೆಸರು ಬರೆಸಿ ಬಲಕ್ಕೆ ಜಾಗ ಬಿಡಿಸಿ. ಬದುಕಿರುವವರ ಮುಂದೆ ಈ ಮಾತು ಎತ್ತಲು ಮಕ್ಕಳಿಗೆ ಮುಜುಗರ. ಎಷ್ಟೋ ಸಲ ಅಮ್ಮನೇ "ನಂಗೂ ಜಾಗ ಬಿಡ್ಸೋ" ಅಂದುಬಿಡುತ್ತಾರೆ. ಸರಳು ಹಾಕಿ ಎಪಾಕ್ಸಿಯಲ್ಲಿ ಬಿಗಿದ ಕಲ್ಲನ್ನು ಮುಂದೆ ಕಿತ್ತು ಅಂಗಡಿಗೆ ಒಯ್ಯಲು ಆಗುವುದಿಲ್ಲ. ಎರಡನೇ ಹೆಸರನ್ನು ಅಲ್ಲೇ, ಸಮಾಧಿಯ ಮುಂದೆ ಕೂತು, ಉಳಿಯಲ್ಲೋ ಸಾಗಿಸಬಹುದಾದ ಬ್ಲಾಸ್ಟಿಂಗ್ ಯಂತ್ರದಲ್ಲೋ ಕೊರೆಯಬೇಕು. ಆಗ ಫಾಂಟ್ ಯಾವುದಿತ್ತು, ಅಕ್ಷರ ಎಷ್ಟು ಎತ್ತರ ಇತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಅಂಗಡಿಯೂ ಅಲ್ಲಿರುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಬಾಕಿ ದುಡ್ಡು ಕೊಡುವ ದಿನವೇ ಆ ಕೋರೆಲ್‌ಡ್ರಾ ಫೈಲನ್ನು, ಅಕ್ಷರಗಳನ್ನು ಕರ್ವ್ ಮಾಡಿಸಿ (ಅಂದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲೂ ಹಾಗೇ ಕಾಣುವಂತೆ ಗೆರೆಗಳಾಗಿ ಬದಲಾಯಿಸಿ), ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಒಂದು ಪ್ರಿಂಟನ್ನು ಜಮೀನಿನ ಪತ್ರಗಳ ಜೊತೆ ಮಡಿಚಿಡಿ.